ಚುನಾವಣೆಗೆ ನಿಂತ ಹುಡುಗಿಗೆ ಒಂದು ಬೊಗಸೆ ಮಂಡಕ್ಕಿ

ಮಗಳೇ,

ನಿನ್ನೆ ಸಂಜೆ ನಮ್ಮ ಕಟ್ಟೆಯ ಮೇಲೆ ಕೂತು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ನೀನು ಲೆಕ್ಕ ಹಾಕುತ್ತಿದ್ದೆ. ಎಂಟನೇ ಕ್ಲಾಸು ಎ, ಬಿ. ಒಂಬತ್ತು ಎ, ಬಿ. ಹತ್ತು ಎ, ಬಿ. ಒಟ್ಟು 212 ಮಕ್ಕಳು. ಪಕ್ಕದಲ್ಲಿ ನಿನ್ನ ಹತ್ತಿರ ಇರುವ ದುಡ್ಡು, 300 ರೂಪಾಯಿ. ಅದರ ಕೆಳಗೆ ಒಂದು ಭಾಗಾಕಾರ, ಅರ್ಧಕ್ಕೇ ನಿಂತಿತ್ತು. "ಅಜ್ಜಿ, ಆ ಕಡೆಯವನು ಐದು ರೂಪಾಯಿ ಚಾಕ್ಲೇಟು ಹಂಚ್ತಾನಂತೆ. ನನ್ನ ದುಡ್ಡಲ್ಲಿ ಒಬ್ಬರಿಗೆ ಒಂದೂವರೆ ರೂಪಾಯಿನೂ ಬೀಳಲ್ಲ. ಒಂದೂವರೆ ರೂಪಾಯಿಗೆ ಏನು ಸಿಗುತ್ತೆ?" ಅಂತ ಕೇಳಿದೆ. ನಾಳೆ ಹೇಳ್ತೀನಿ ಅಂದೆ. ಬಾಯಲ್ಲಿ ಹೇಳಿದರೆ ನೀನು ಅರ್ಧ ಕೇಳಿ ಓಡುತ್ತೀಯ. ಅದಕ್ಕೇ ರಾತ್ರಿ ಊಟ ಮುಗಿಸಿ ಬರೆಯಲು ಕೂತಿದ್ದೇನೆ. ಪೂರ್ತಿ ಓದು.

ಮೊದಲು ನೀನು ಕೇಳಿದ್ದಕ್ಕೆ ಉತ್ತರ. ಒಂದೂವರೆ ರೂಪಾಯಿಗೆ ಅಂಗಡಿಯಲ್ಲಿ ಒಂದು ಪೆಪ್ಪರ್‌ಮಿಂಟು ಸಿಗುತ್ತದೆ. ಆದರೆ ದಾವಣಗೆರೆ ಸೀಮೆಯಲ್ಲಿ ಹುಟ್ಟಿದ ಹುಡುಗಿ ನೀನು. ಇಲ್ಲಿ ಒಂದೂವರೆ ರೂಪಾಯಿಗೆ ಒಂದು ಬೊಗಸೆ ಖಾರ ಮಂಡಕ್ಕಿ ಆಗುತ್ತದೆ. ಮಂಡಕ್ಕಿ ಭಟ್ಟಿಗಳ ಊರು ನಮ್ಮದು. ನೆನೆಸಿ, ಬೇಯಿಸಿ, ಒಣಗಿಸಿದ ಭತ್ತದ ಅಕ್ಕಿಗೆ ಉಪ್ಪುನೀರು ಹಿಡಿಸಿ ಕಾದ ಮರಳಿಗೆ ಹಾಕಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅರಳುತ್ತದೆ. ಆ ಒಲೆಯ ಮುಂದೆ ಬೆಳಗಿನ ಜಾವದಿಂದ ಬೆವರುವ ಜನ ನಿನ್ನ ಶಾಲೆಯ ಎಷ್ಟೋ ಮಕ್ಕಳ ಅಪ್ಪ ಅಮ್ಮಂದಿರೇ. ಅವರ ಹತ್ತಿರವೇ ಕೊಂಡುಕೋ. ಎರಡು ಕಿಲೋ ಮಂಡಕ್ಕಿ ಅಂದರೆ ಒಂದು ದೊಡ್ಡ ಚೀಲ ತುಂಬ. ಅದಕ್ಕೆ ಕಾಲು ಕಿಲೋ ಶೇಂಗಾ, ಕಾಲು ಕಿಲೋ ಪುಟಾಣಿ, ಮೂರು ಗಡ್ಡೆ ಬೆಳ್ಳುಳ್ಳಿ, ಎರಡು ಹಿಡಿ ಕರಿಬೇವು, ಕಾಲು ಲೀಟರು ಎಣ್ಣೆ. ಅರಿಶಿನ, ಖಾರದ ಪುಡಿ, ಉಪ್ಪು ನನ್ನ ಅಡುಗೆಮನೆಯಿಂದ. ಈ ವಾರದ ಸಂತೆಯ ರೇಟಿನಲ್ಲಿ ಎಲ್ಲ ಕೂಡಿಸಿದೆ, ನಿನ್ನ 300 ರೂಪಾಯಿ ಸಾಕು.

ಮಾಡುವುದು ಹೇಗೆ ಅಂತಲೂ ಹೇಳಿಬಿಡುತ್ತೇನೆ. ಈ ತಿಂಗಳ ತೇವದ ಗಾಳಿಗೆ ಮಂಡಕ್ಕಿ ಮೆತ್ತಗಾಗಿರುತ್ತದೆ. ಹಾಗೇ ಒಗ್ಗರಣೆಗೆ ಹಾಕಿದರೆ ಎಣ್ಣೆ ಕುಡಿದು ಜಿಗುಟಾಗುತ್ತದೆ. ಮೊದಲು ಬರೀ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ, ಸ್ವಲ್ಪ ಸ್ವಲ್ಪವಾಗಿ ಬಿಸಿ ಮಾಡು. ಒಂದು ಕಾಳು ತೆಗೆದು ಬೆರಳ ನಡುವೆ ಅಮುಕಿದರೆ ಪುಡಿಯಾಗಬೇಕು. ಆಮೇಲೆ ಎಣ್ಣೆ. ಶೇಂಗಾ ಸಿಡಿಯುವ ಸದ್ದು ನಿಂತಾಗ ಜಜ್ಜಿದ ಬೆಳ್ಳುಳ್ಳಿ. ಅದರ ಅಂಚು ಕೆಂಪಾದಾಗ ಕರಿಬೇವು, ಪುಟಾಣಿ. ಒಲೆ ಆರಿಸಿದ ಮೇಲೆ ಅರಿಶಿನ, ಖಾರದ ಪುಡಿ. ಉರಿಯ ಮೇಲೆ ಹಾಕಿದರೆ ಪುಡಿ ಸೀದು ಕಹಿಯಾಗುತ್ತದೆ. ಅದನ್ನೆಲ್ಲ ಮಂಡಕ್ಕಿಯ ಮೇಲೆ ಸುರಿದು ಕೈಯಿಂದಲೇ ಕಲಸು. ಸೌಟು ಹಾಕಿದರೆ ಮಂಡಕ್ಕಿ ಮುರಿಯುತ್ತದೆ. ಆರಿದ ಮೇಲೆ ಡಬ್ಬಿಗೆ ತುಂಬಿ ಮುಚ್ಚಳ ಬಿಗಿದರೆ ಮೂರು ನಾಲ್ಕು ದಿನ ಗರಿಗರಿ. ಒಂದು ಎಚ್ಚರಿಕೆ. ಶೇಂಗಾ ತಿಂದರೆ ಮೈಯೆಲ್ಲ ದದ್ದು ಏಳುವ, ಉಸಿರು ಕಟ್ಟುವ ಮಕ್ಕಳಿರುತ್ತಾರೆ. ಪ್ರತಿ ಕ್ಲಾಸ್ ಟೀಚರನ್ನು ಮೊದಲೇ ಕೇಳು. ಅಂಥ ಒಬ್ಬರಿದ್ದರೂ ಶೇಂಗಾ ಪೂರ್ತಿ ಬಿಟ್ಟು ಪುಟಾಣಿ ಹೆಚ್ಚು ಹಾಕೋಣ.

ಪೇಪರಿನ ಪೊಟ್ಟಣ ಕಟ್ಟಬೇಡ. ನಾವು ಚಿಕ್ಕವರಿದ್ದಾಗ ಹಳೇ ಪೇಪರಿನಲ್ಲೇ ತಿಂದು ಬೆಳೆದೆವು, ನಿಜ. ಆದರೆ ಅಚ್ಚಿನ ಶಾಯಿ ಎಣ್ಣೆಗೆ ಕರಗಿ ಹೊಟ್ಟೆಗೆ ಹೋಗುತ್ತದೆ ಅಂತ ಆಹಾರ ಸುರಕ್ಷತಾ ಪ್ರಾಧಿಕಾರ ಎಚ್ಚರಿಸಿತು. 2018ರ ಪ್ಯಾಕಿಂಗ್ ನಿಯಮಗಳಲ್ಲಿ ಸುದ್ದಿಪತ್ರಿಕೆಯಲ್ಲಿ ತಿಂಡಿ ಕಟ್ಟುವುದನ್ನೇ ನಿಷೇಧಿಸಿತು. ಮುತ್ತುಗದ ಎಲೆಯ ದೊನ್ನೆ ಸಿಕ್ಕರೆ ಸರಿ. ಸಿಗದಿದ್ದರೆ ಮಕ್ಕಳ ಊಟದ ಡಬ್ಬಿಯ ಮುಚ್ಚಳಕ್ಕೇ ಹಾಕಿ ಕೊಡು. ನಿನ್ನ ಗೆಳತಿ ಹುಣಸೆಹಣ್ಣು, ಬೆಲ್ಲ, ಜೀರಿಗೆ, ಉಪ್ಪು ಕುಟ್ಟಿ ಕಡ್ಡಿಗೆ ಚಿಗಳಿ ಅಂಟಿಸಿ ಕೊಡೋಣ ಅಂದಳಲ್ಲ, ಅದೂ ಒಳ್ಳೆಯದೇ, ಬಾಯಲ್ಲಿ ನೀರೂರುತ್ತದೆ. ಆದರೆ ಪ್ಲಾಸ್ಟಿಕ್ ಕಡ್ಡಿ ಬೇಡ. ಮಿಠಾಯಿಗೆ ಚುಚ್ಚುವ ಪ್ಲಾಸ್ಟಿಕ್ ಕಡ್ಡಿ 2022ರ ಜುಲೈ 1ರಿಂದ ಇಡೀ ದೇಶದಲ್ಲಿ ನಿಷೇಧವಾಗಿದೆ. ತೆಂಗಿನ ಗರಿಯ ಕಡ್ಡಿ ಮುರಿದರೆ ಆಯಿತು.

ಇಷ್ಟು ನೀನು ಕೇಳಿದ್ದು. ಇನ್ನು ಮುಂದಿನದು ನೀನು ಕೇಳದೇ ಇದ್ದದ್ದು. ಅದನ್ನು ಹೇಳದೆ ನನಗೆ ನಿದ್ದೆ ಬರುವುದಿಲ್ಲ.

ಈ ಮಂಡಕ್ಕಿಯನ್ನು ಯಾವಾಗ ಕೊಡುತ್ತೀಯ?

ಸುಮಾರು ಇಪ್ಪತ್ತು ವರ್ಷದ ಹಿಂದೆ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ಶಾಲಾ ಸಂಸತ್ತಿನ ಚುನಾವಣೆ ಮಾಡಿಸುವ ಕೆಲಸ ನನ್ನದೇ. ನಿಮ್ಮ ಹಾಗೆ ಮೊಬೈಲಿನ ಇವಿಎಂ ಆಪ್ ಆಗ ಇರಲಿಲ್ಲ. ಬಿಸ್ಕತ್ತಿನ ತಗಡಿನ ಡಬ್ಬಿಯ ಮುಚ್ಚಳ ಕೊರೆದು ಮತಪೆಟ್ಟಿಗೆ ಮಾಡಿದ್ದೆವು. ಎಡಗೈ ತೋರುಬೆರಳಿಗೆ ಸ್ಕೆಚ್ ಪೆನ್ನಿನ ಗೆರೆ. ನಿಜವಾದ ಶಾಯಿಯನ್ನು 1962ರಿಂದ ನಮ್ಮ ಮೈಸೂರಿನ ಪೇಂಟ್ಸ್ ಮತ್ತು ವಾರ್ನಿಷ್ ಕಾರ್ಖಾನೆಯೇ ಇಡೀ ದೇಶಕ್ಕೆ ಮಾಡಿಕೊಡುತ್ತದೆ ಅಂತ ಹಿಂದಿನ ದಿನವಷ್ಟೇ ಪಾಠ ಮಾಡಿದ್ದೆ. ಮಕ್ಕಳಿಗೆ ಹುರುಪೋ ಹುರುಪು. ನಾಯಕನ ಸ್ಥಾನಕ್ಕೆ ಇಬ್ಬರು ನಿಂತಿದ್ದರು. ಒಬ್ಬನ ಕಡೆಯವರು ಬೆಳಿಗ್ಗೆ ಪ್ರಾರ್ಥನೆಗೆ ಮೊದಲೇ ತಲೆಗೆರಡು ಟಾಫಿ ಹಂಚಿದರು. ಇನ್ನೊಬ್ಬನ ಕಡೆಯವರು ಇಂಟರ್‌ವಲ್ಲಿನಲ್ಲಿ ಎರಡು ರೂಪಾಯಿಯ ಪೆನ್ನು ಹಂಚಿದರು. ನಾನು ಎರಡನ್ನೂ ಕಣ್ಣಾರೆ ಕಂಡೆ. ಮಕ್ಕಳಾಟ ಅಂತ ಸುಮ್ಮನಿದ್ದೆ.

ಮತದಾನ ಮುಗಿಯುವ ಹೊತ್ತಿಗೆ ಪಟ್ಟಿಯಲ್ಲಿ ಎಂಟನೇ ಕ್ಲಾಸಿನ ಒಬ್ಬ ಹುಡುಗನ ಹೆಸರಿಗೆ ಟಿಕ್ ಬಿದ್ದಿರಲಿಲ್ಲ. ಬೆಳಿಗ್ಗೆ ಹಾಜರಿ ಹೇಳಿದ್ದ. ಹುಡುಕಿಕೊಂಡು ಹೋದೆ. ನೀರಿನ ಟ್ಯಾಂಕಿನ ಹಿಂದೆ, ಗೋಡೆಗೂ ಟ್ಯಾಂಕಿಗೂ ನಡುವಿನ ಸಂದಿಯಲ್ಲಿ ಮೊಣಕಾಲು ಅಪ್ಪಿಕೊಂಡು ಕೂತಿದ್ದ. ಅಂಗಿಯ ಜೇಬಿನಲ್ಲಿ ಎರಡೂ ಟಾಫಿ ಹಾಗೇ ಇದ್ದವು. ಬಿಸಿಲಿಗೆ ಕರಗಿ ಬಟ್ಟೆಗೆ ಅಂಟಿ ಕಂದು ಕಲೆಯಾಗಿತ್ತು, ಇರುವೆ ಹತ್ತಿದ್ದವು. ಪೆನ್ನಿನ ಮುಚ್ಚಳ ಕೂಡ ತೆಗೆದಿರಲಿಲ್ಲ. ಯಾಕೋ ಮಗಾ ಅಂದೆ. ತುಂಬಾ ಹೊತ್ತು ಮಾತಿಲ್ಲ. ಆಮೇಲೆ ಹೇಳಿದ. ಟಾಫಿ ಕೊಟ್ಟವರು "ವಿದ್ಯೆ ಆಣೆ, ನಿಮಗೇ ಹಾಕ್ತೀನಿ" ಅಂತ ಆಣೆ ಹಾಕಿಸಿಕೊಂಡಿದ್ದರಂತೆ. ಪೆನ್ನು ಕೊಟ್ಟವರೂ ಅದನ್ನೇ ಹೇಳಿಸಿದ್ದರಂತೆ. "ಯಾರಿಗೆ ಹಾಕಿದ್ರೂ ನನಗೆ ವಿದ್ಯೆ ಹತ್ತಲ್ಲ ಟೀಚರ್" ಅಂದು ಬಿಕ್ಕಿದ.

ಅವನ ಮನೆಯಲ್ಲಿ ಅಕ್ಷರ ಕಲಿತವರು ಅವನೊಬ್ಬನೇ. ವಿದ್ಯೆ ಅನ್ನುವುದು ಅವನಿಗೆ ಎಷ್ಟು ದೊಡ್ಡ ಮಾತು ಅಂತ ಆಣೆ ಹಾಕಿಸಿದ ಹುಡುಗರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿರಬೇಕಿತ್ತು. ಆಣೆ ಬಿಟ್ಟುಬಿಡು, ಅದು ಲೆಕ್ಕಕ್ಕಿಲ್ಲ, ವೋಟು ಯಾರಿಗೆ ಹಾಕಿದೆ ಅಂತ ಯಾರಿಗೂ ತಿಳಿಯಲ್ಲ ಅಂತ ಎಷ್ಟು ಹೇಳಿದರೂ ಅವನು ಏಳಲಿಲ್ಲ. ತಿಳಿಯುವವನು ದೇವರೊಬ್ಬನಿದ್ದಾನಲ್ಲ ಅನ್ನುವ ಹಾಗೆ ನನ್ನ ಮುಖ ನೋಡಿದ. ಆ ದಿನ ಅವನು ವೋಟು ಹಾಕಲೇ ಇಲ್ಲ. ಎಣಿಕೆಯಲ್ಲಿ ಒಂದು ಚೀಟಿ ಕಡಿಮೆ ಬಂತು. ಗೆದ್ದವನು ಹದಿನಾರು ವೋಟಿನಿಂದ ಗೆದ್ದ, ಹಾಗಾಗಿ ಆ ಒಂದು ಚೀಟಿಯ ಬಗ್ಗೆ ಯಾರೂ ಕೇಳಲಿಲ್ಲ. ಬೆಳಿಗ್ಗೆ ಆ ಟಾಫಿ ಕಂಡಾಗಲೇ ನಾನು ನಿಲ್ಲಿಸಿದ್ದರೆ ಅವನು ಎಲ್ಲರ ಜೊತೆ ಸಾಲಿನಲ್ಲಿ ನಿಂತು ಬೆರಳಿಗೆ ಗೆರೆ ಹಾಕಿಸಿಕೊಂಡು ನಗುತ್ತಾ ಹೋಗುತ್ತಿದ್ದ. ಇವತ್ತಿಗೂ ಶಾಲಾ ಚುನಾವಣೆ ಅಂದರೆ ನನಗೆ ಮೊದಲು ನೆನಪಾಗುವುದು ಆ ಜೇಬಿನ ಕಲೆ.

ಈಗ ಯೋಚನೆ ಮಾಡು. ನಿಮ್ಮ ಕ್ಲಾಸಿನಲ್ಲಿ ಹುಟ್ಟುಹಬ್ಬಕ್ಕೆ ಚಾಕ್ಲೇಟು ಹಂಚುತ್ತಾರೆ. ತಗೊಂಡವರು ಹ್ಯಾಪಿ ಬರ್ತ್‌ಡೇ ಅಂತಾರೆ, ಬಾಯಿಗೆ ಹಾಕ್ಕೊಂತಾರೆ, ಮರೀತಾರೆ. ಜಗಳ ಆಡಿದವನಿಗೂ ಒಂದು ಸಿಗುತ್ತದೆ. ಅದೇ ಅಂಗಡಿಯ ಅದೇ ಚಾಕ್ಲೇಟನ್ನು ವೋಟಿನ ಹಿಂದಿನ ದಿನ ಚಿಹ್ನೆಯ ಚೀಟಿ ಸುತ್ತಿ ಕೊಟ್ಟರೆ ತಿನ್ನುವವನ ಗಂಟಲಲ್ಲಿ ಏನೋ ಸಿಕ್ಕಿಕೊಳ್ಳುತ್ತದೆ. ಐದು ರೂಪಾಯಿಯದಾದರೂ ಅಷ್ಟೇ, ಒಂದೂವರೆ ರೂಪಾಯಿಯದಾದರೂ ಅಷ್ಟೇ. ಅಗ್ಗದ್ದು ಅನ್ನುವ ಕಾರಣಕ್ಕೆ ಅದು ನಿರಪಾಯ ಅಂತ ತಿಳಿಯಬೇಡ. ತಿಂಡಿ ನೀಡುವ ಕೈ ಮತ್ತು ವೋಟು ಕೇಳುವ ಬಾಯಿ ಒಟ್ಟಿಗೆ ಹೋದವು ಅಂದರೆ ಎದುರಿಗಿದ್ದವರು ಸಾಲಗಾರರಾಗುತ್ತಾರೆ. ನನ್ನ ಮಾತೆಲ್ಲ ಇರುವುದು ಇದೊಂದರಲ್ಲೇ.

ಇದು ಈ ಅಜ್ಜಿ ಕಟ್ಟಿದ ನಿಯಮ ಅಂದುಕೊಳ್ಳಬೇಡ. ದೊಡ್ಡವರ ಚುನಾವಣೆಗೆ ಕಾನೂನೇ ಹೀಗೆ ಹೇಳುತ್ತದೆ. ಭಾರತೀಯ ನ್ಯಾಯ ಸಂಹಿತೆಯ 173ನೇ ಸೆಕ್ಷನ್ನಿನಲ್ಲಿ ಲಂಚದ ಒಂದು ಬಗೆಗೆ ಬೇರೆಯೇ ಹೆಸರಿದೆ, ಟ್ರೀಟಿಂಗ್. ತಿಂಡಿ, ಪಾನೀಯ, ಮನರಂಜನೆ, ದಿನಸಿ, ಇವುಗಳ ರೂಪದಲ್ಲಿ ಕೊಡುವ ಲಂಚ ಅಂತ ಅದರ ಅರ್ಥ. ಶಿಕ್ಷೆ ದಂಡ. ಹಳೆಯ ದಂಡಸಂಹಿತೆಗೆ ಈ ಮಾತು ಸೇರಿದ್ದು 1920ರಲ್ಲಿ. ಅಂದರೆ ನಮಗೆ ಸ್ವಾತಂತ್ರ್ಯ ಬರುವ ಮೊದಲೇ, ಎಲ್ಲರಿಗೂ ವೋಟು ಸಿಗುವ ಮೊದಲೇ, ಊಟ ಹಾಕಿಸಿ ವೋಟು ಕೇಳುವವರು ಇದ್ದರು. ಇನ್ನೊಂದು ಸೂಕ್ಷ್ಮ ಇದೆ, ಗಮನಿಸು. ವೋಟು ಹಾಕಿಸಿಕೊಳ್ಳಲು ಮುಂಚೆ ಕೊಡುವುದು ಮಾತ್ರವಲ್ಲ, ಹಾಕಿದ್ದಕ್ಕೆ ಆಮೇಲೆ ಇನಾಮು ಕೊಡುವುದೂ ಲಂಚವೇ. ಈ ಕಾನೂನು ನಿಮ್ಮ ಶಾಲೆಯ ಚುನಾವಣೆಗೆ ಅನ್ವಯಿಸುವುದಿಲ್ಲ, ಯಾರೂ ನಿನಗೆ ದಂಡ ಹಾಕುವುದಿಲ್ಲ. ಆದರೆ ಶಾಲಾ ಸಂಸತ್ತು ಇರುವುದೇ ದೊಡ್ಡ ಚುನಾವಣೆಯ ಅಭ್ಯಾಸಕ್ಕೆ. ಅಭ್ಯಾಸ ಮಾಡುವಾಗ ಯಾವುದನ್ನು ರೂಢಿ ಮಾಡಿಕೊಳ್ಳುತ್ತೀಯೋ ಅದು ಕೈಗೆ ಅಂಟುತ್ತದೆ.

ಕೊಡದಿದ್ದರೆ ಸೋಲುತ್ತೇನೇನೋ ಅನ್ನುವ ನಿನ್ನ ಭಯ ನನಗೆ ಅರ್ಥವಾಗುತ್ತದೆ. ಸುಳ್ಳು ಭರವಸೆ ಕೊಡುವುದಿಲ್ಲ, ಸೋಲಲೂಬಹುದು. ಅಮೆರಿಕದ ವರ್ಜೀನಿಯಾದಲ್ಲಿ 1758ರಲ್ಲಿ ಜಾರ್ಜ್ ವಾಷಿಂಗ್ಟನ್ ಶಾಸನಸಭೆಗೆ ನಿಂತಾಗ ಅವನ ಕಡೆಯವರು ಮತದಾರರಿಗೆ ನೂರೈವತ್ತಕ್ಕೂ ಹೆಚ್ಚು ಗ್ಯಾಲನ್ ರಮ್, ಪಂಚ್, ವೈನ್, ಬಿಯರ್ ಕುಡಿಸಿದರು. ಗೆದ್ದ. ಅದೇ ವರ್ಜೀನಿಯಾದಲ್ಲಿ 1777ರಲ್ಲಿ ಜೇಮ್ಸ್ ಮ್ಯಾಡಿಸನ್ ಎಂಬ ತರುಣ ಹೆಂಡ ಹಂಚಿ ವೋಟು ಕೇಳುವುದು ಗಣರಾಜ್ಯಕ್ಕೆ ತಕ್ಕದ್ದಲ್ಲ ಅಂತ ಹಟ ಹಿಡಿದ. ಹೆಂಡದಂಗಡಿ ನಡೆಸುತ್ತಿದ್ದವನ ಎದುರು ಸೋತ. ಮುಂದೆ ಆ ದೇಶದ ಸಂವಿಧಾನದ ಕರಡು ರೂಪಿಸಿದವರಲ್ಲಿ ಅವನೇ ಮುಖ್ಯ, 1809ರಲ್ಲಿ ಅಧ್ಯಕ್ಷನೂ ಆದ. ಸೋತರೆ ನೀನೂ ಅಧ್ಯಕ್ಷೆ ಆಗ್ತೀಯ ಅಂತ ಇದನ್ನು ಹೇಳುತ್ತಿಲ್ಲ. ಆ ವರ್ಷ ಅವನು ಸೋತದ್ದು ನಿಜವೇ, ಆ ಸೋಲು ಅವನಿಗೆ ನೋವೂ ಕೊಟ್ಟಿರಬೇಕು. ಆದರೂ ಸರಿ ಕಂಡದ್ದನ್ನು ಬಿಡಲಿಲ್ಲ. ಇದನ್ನು ಹತ್ತನೇ ಕ್ಲಾಸಿನ ಮಕ್ಕಳಿಗೆ ಹೇಳುವಾಗಲೆಲ್ಲ ನನ್ನ ದನಿ ಒಂದು ಚೂರು ಏರುತ್ತಿತ್ತು.

ಆ ಕಡೆಯ ಹುಡುಗನ ಮೇಲೆ ನಿನಗೆ ಸಿಟ್ಟಿದೆ, ನಿನ್ನೆ ಕಂಡೆ. ಸಿಟ್ಟು ಬಿಡು. ಅವರಪ್ಪನ ಅಂಗಡಿಯಿಂದ ಎರಡು ಡಬ್ಬಿ ಚಾಕ್ಲೇಟು ತಂದರೆ ಅದು ಆ ಮಗುವಿನ ದುಷ್ಟತನ ಅಲ್ಲ. ಊರಲ್ಲಿ ಕಂಡದ್ದನ್ನು ಮಾಡುತ್ತಿದ್ದಾನೆ. ಕುಕ್ಕರು, ಸೀರೆ, ಬಾಡೂಟ ಬಂದು ಹೋಗುವುದನ್ನು ಮಕ್ಕಳು ಬಾಗಿಲ ಸಂದಿಯಿಂದ ನೋಡುತ್ತಲೇ ಬೆಳೆಯುತ್ತಾರೆ. 2023ರ ನಮ್ಮ ವಿಧಾನಸಭಾ ಚುನಾವಣೆಯಲ್ಲಿ ಚುನಾವಣಾ ಆಯೋಗ ಹಿಡಿದ ನಗದು, ಮದ್ಯ, ಚಿನ್ನ, ಉಡುಗೊರೆ ಎಲ್ಲ ಸೇರಿ 375 ಕೋಟಿ ರೂಪಾಯಿ ದಾಟಿತ್ತು. ಅದಕ್ಕೂ ಹಿಂದಿನ 2018ರ ಚುನಾವಣೆಯಲ್ಲಿ ಅದು ಸುಮಾರು 84 ಕೋಟಿ. ಇದು ಸಿಕ್ಕಿಬಿದ್ದದ್ದು ಮಾತ್ರ. ಇಷ್ಟು ದೊಡ್ಡ ಹೊಳೆ ಹರಿಯುವ ಕಡೆ ಒಂದು ಮಗುವಿನ ಕೈ ಒದ್ದೆಯಾಗಿದ್ದರೆ ಅವನೊಬ್ಬನನ್ನೇ ಬೈಯುವುದು ನ್ಯಾಯವಲ್ಲ.

ನನ್ನ ಚಿಂತೆ ಬೇರೆಯದು. ಈ ವರ್ಷ ಚಾಕ್ಲೇಟು ಹಂಚಿದವರು ಗೆದ್ದರೆ ಮುಂದಿನ ವರ್ಷ ಯಾರು ನಾಮಪತ್ರ ಹಾಕುತ್ತಾರೆ? ಭಟ್ಟಿಯಲ್ಲಿ ಕೂಲಿ ಮಾಡುವವನ ಮಗಳು ಹಾಕುತ್ತಾಳಾ? 212 ಮಕ್ಕಳಿಗೆ ಐದು ರೂಪಾಯಿಯಂತೆ 1,060 ರೂಪಾಯಿ. ಅಷ್ಟು ದುಡ್ಡು ಆ ಮನೆಯಲ್ಲಿ ಎಷ್ಟು ದಿನದ ಅಕ್ಕಿ ಬೇಳೆ ಅಂತ ನಿನಗೇ ಗೊತ್ತು. ಅವಳು ಎಷ್ಟೇ ಜಾಣೆಯಿರಲಿ, ಎಷ್ಟೇ ಧೈರ್ಯವಂತೆಯಿರಲಿ, ಬಾಯಿ ಮುಚ್ಚಿಕೊಂಡು ಹಿಂದಿನ ಬೆಂಚಿನಲ್ಲಿ ಕೂರುತ್ತಾಳೆ. ನಾಯಕತ್ವ ಅನ್ನುವುದು ಅಂಗಡಿ ಇದ್ದವರ ಮನೆಯ ಸ್ವತ್ತಾಗುತ್ತದೆ.

ಕಾಲೇಜುಗಳಲ್ಲಿ ಇದು ಕೈಮೀರಿದ ಮೇಲೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಜೆ.ಎಂ. ಲಿಂಗ್ಡೋ ಅವರ ಸಮಿತಿ 2006ರಲ್ಲಿ ವರದಿ ಕೊಟ್ಟಿತು. ಒಬ್ಬ ಅಭ್ಯರ್ಥಿ 5,000 ರೂಪಾಯಿ ಮೀರಿ ಖರ್ಚು ಮಾಡಬಾರದು, ಅಚ್ಚು ಹಾಕಿಸಿದ ಪೋಸ್ಟರು ಬೇಡ, ಕೈಯಲ್ಲಿ ಬರೆದದ್ದೇ ಆಗಬೇಕು, ಅದನ್ನೂ ಗೊತ್ತುಮಾಡಿದ ಜಾಗದಲ್ಲೇ ಅಂಟಿಸಬೇಕು, ಫಲಿತಾಂಶ ಬಂದ ಎರಡು ವಾರದೊಳಗೆ ಲೆಕ್ಕ ಒಪ್ಪಿಸಬೇಕು. ಕೈಯಲ್ಲೇ ಬರೆಯಬೇಕು ಅನ್ನುವುದು ನನಗೆ ತುಂಬಾ ಹಿಡಿಸಿದ ಮಾತು. ದುಡ್ಡಿದ್ದವನಿಗೂ ಇಲ್ಲದವನಿಗೂ ಇರುವುದು ಎರಡೇ ಕೈ. ಆದರೂ ನಿಯಮ ಪುಸ್ತಕದಲ್ಲಿದ್ದರೆ ಸಾಲದು. 2024ರಲ್ಲಿ ದೆಹಲಿ ವಿಶ್ವವಿದ್ಯಾಲಯದಲ್ಲಿ ಸೆಪ್ಟೆಂಬರಿನಲ್ಲಿ ವೋಟು ಬಿದ್ದರೂ ಎಣಿಕೆ ನಡೆದದ್ದು ನವೆಂಬರಿನಲ್ಲಿ. ಗೋಡೆ ಕಂಬಗಳ ಮೇಲೆಲ್ಲ ಬಳಿದು ಅಂಟಿಸಿದ್ದನ್ನು ತೊಳೆಯುವ ತನಕ ಎಣಿಸಕೂಡದು ಅಂತ ಹೈಕೋರ್ಟು ತಡೆದಿತ್ತು. ನಮ್ಮ ಕರ್ನಾಟಕದಲ್ಲಂತೂ ಕಾಲೇಜು ಚುನಾವಣೆಗಳು 80ರ ದಶಕದ ಕೊನೆಯ ಹೊತ್ತಿಗೇ ನಿಂತುಹೋದವು. ಅಂದರೆ ನಿನಗೆ ಮುಂದೆ ಪಿಯುಸಿ, ಡಿಗ್ರಿಯಲ್ಲಿ ಇಂಥ ಅವಕಾಶ ಸಿಗುತ್ತದೋ ಇಲ್ಲವೋ. ಹದಿನೆಂಟು ತುಂಬಿ ನಿಜವಾದ ಮತಗಟ್ಟೆಗೆ ಹೋಗುವ ತನಕ ನಿನಗಿರುವ ಚುನಾವಣೆ ಇದೊಂದೇ ಆಗಬಹುದು. ಅದಕ್ಕೇ ಇದನ್ನು ಚಿಕ್ಕದು ಅಂತ ನಾನು ಬಿಡುವುದಿಲ್ಲ.

ಹಾಗಾದರೆ ಏನು ಮಾಡಬೇಕು? ನಾಳೆ ಶಾಲೆಗೆ ಹೋದವಳೇ ಆ ಹುಡುಗನ ಹತ್ತಿರ ಹೋಗು. ಜೊತೆಗೆ ಯಾರನ್ನೂ ಕರೆದುಕೊಂಡು ಹೋಗಬೇಡ, ಗುಂಪು ಕಂಡರೆ ಅವನು ಬಿಗಿಯುತ್ತಾನೆ. "ಇಬ್ಬರೂ ವೋಟಿಗೆ ಮುಂಚೆ ಏನೂ ಹಂಚೋದು ಬೇಡ. ಫಲಿತಾಂಶ ಆದಮೇಲೆ ಇಬ್ಬರೂ ಸೇರಿ ಎಲ್ಲರಿಗೂ ಕೊಡೋಣ" ಅನ್ನು. ಗೆದ್ದವರು ಸೋತವರು ಒಟ್ಟಿಗೆ ಕೊಟ್ಟಾಗ ಅದು ಯಾರ ವೋಟಿಗೂ ಬೆಲೆಯಾಗುವುದಿಲ್ಲ, ಯಾರಿಗೂ ಇನಾಮಾಗುವುದಿಲ್ಲ. ಅವನು ಒಪ್ಪಿದರೆ ಇಬ್ಬರೂ ಸೇರಿ ಚುನಾವಣೆ ಮಾಡಿಸುವ ಟೀಚರಿಗೆ ಹೇಳಿ. ಅವರು ಪ್ರಾರ್ಥನೆಯಲ್ಲಿ ಎಲ್ಲರೆದುರು ಅದನ್ನು ಹೇಳಲಿ. ಆಮೇಲೆ ತಪ್ಪುವುದು ಇಬ್ಬರಿಗೂ ಕಷ್ಟ.

ಒಪ್ಪದಿದ್ದರೆ? ಅವನು ಹಂಚಲಿ. ನೀನು ಹಂಚಬೇಡ. ಟೀಚರಿಗೆ ಚಾಡಿ ಹೇಳಲೂ ಹೋಗಬೇಡ. ಆದರೆ ಒಂದು ಮಾತು ಮಾತ್ರ ಪ್ರತಿ ಕ್ಲಾಸಿನಲ್ಲೂ ಹೇಳು. "ಯಾರು ಏನು ಕೊಟ್ಟರೂ ಬೇಕಿದ್ದರೆ ತಿನ್ನಿ, ಆಣೆ ಮಾತ್ರ ಹಾಕಬೇಡಿ. ಹಾಕಿದ್ದರೆ ಅದು ಲೆಕ್ಕಕ್ಕಿಲ್ಲ. ಗುಂಡಿ ಒತ್ತುವಾಗ ಅಲ್ಲಿ ನೀವೊಬ್ಬರೇ ಇರುತ್ತೀರಿ." ಎಂಟನೇ ಕ್ಲಾಸಿನಲ್ಲಿ ಇದನ್ನು ಎರಡು ಸಲ ಹೇಳು. ಈಗಷ್ಟೇ ಬೇರೆ ಶಾಲೆಯಿಂದ ಬಂದ ಮಕ್ಕಳು, ದೊಡ್ಡ ಹುಡುಗರು ಗದರಿದರೆ ನಂಬಿಬಿಡುತ್ತಾರೆ.

ನಿನ್ನ 300 ರೂಪಾಯಿ ಹಾಗೇ ಇರಲಿ. ಪ್ರಚಾರಕ್ಕೆ ಬೇಕಾದದ್ದು ನನ್ನ ಮನೆಯಲ್ಲಿದೆ. ಹಳೇ ಕ್ಯಾಲೆಂಡರಿನ ಹನ್ನೆರಡು ಹಾಳೆ, ಹಿಂದುಗಡೆ ಬಿಳಿ. ನಿನ್ನ ಅಕ್ಷರ ದುಂಡಾಗಿದೆ. ಕ್ಲಾಸಿಗೆ ಎರಡರಂತೆ ಆರಕ್ಕೂ ಆಗುತ್ತದೆ. ಅದರಲ್ಲಿ ಏನು ಬರೆಯುತ್ತೀಯ ಅನ್ನುವುದನ್ನು ಇವತ್ತು ರಾತ್ರಿ ಯೋಚಿಸು. ಶನಿವಾರ ಪೂರ್ತಿ ರಜೆ ಕೊಡಿಸ್ತೀನಿ ಅಂತ ಬರೆಯಬೇಡ, ಅದು ನಿನ್ನ ಕೈಯಲ್ಲಿಲ್ಲ. ಗ್ರಂಥಾಲಯದ ಬೀರುವಿಗೆ ಸದಾ ಬೀಗ ಅಂತ ನೀನೇ ಗೊಣಗುತ್ತಿರುತ್ತೀಯ. ವಾರಕ್ಕೆ ಎರಡು ದಿನ ಮಧ್ಯಾಹ್ನ ಆ ಬೀಗ ತೆಗೆಸಿ, ಯಾರು ಯಾವ ಪುಸ್ತಕ ಒಯ್ದರು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡುವುದು ನಿನ್ನ ಕೈಯಲ್ಲಾಗುವ ಕೆಲಸ. ಆಟದ ಪೀರಿಯಡ್ಡಿನಲ್ಲಿ ಇರುವ ಎರಡೂ ಬಾಲು ಹುಡುಗರ ಹತ್ತಿರವೇ ಇರುತ್ತವಂತೆ, ಒಂದು ಹುಡುಗಿಯರಿಗೆ ಕೊಡಿಸು. ಹುಡುಗಿಯರ ಶೌಚಾಲಯದ ಚಿಲಕ ಮುರಿದು ಎಷ್ಟು ದಿನ ಆಯಿತು? ಅದನ್ನು ಪೋಸ್ಟರಿನಲ್ಲಿ ಬರೆಯಲು ನಾಚಿಕೆಯಾದರೆ ಬರೆಯಬೇಡ. ಹುಡುಗಿಯರ ಸಾಲಿನಲ್ಲಿ ನಿಂತು ಹೇಳು, ಅವರೆಲ್ಲ ಕಿವಿ ಕೊಟ್ಟು ಕೇಳುತ್ತಾರೆ. ಗೆದ್ದರೂ ಸೋತರೂ ಆ ಚಿಲಕದ ವಿಷಯ ಹೆಡ್‌ಮಾಸ್ಟರಿಗೆ ಹೇಳಲೇಬೇಕು. ಅದಕ್ಕೆ ನಾಯಕಿಯೇ ಆಗಿರಬೇಕೆಂದಿಲ್ಲ.

ಕ್ಲಾಸಿಗೆ ಹೋದಾಗ ನಿನ್ನ ಮಾತು ಎರಡು ನಿಮಿಷ ಮೀರದಿರಲಿ. ಉಳಿದ ಹೊತ್ತು ಅವರು ಹೇಳಲಿ, ನೀನು ಬರೆದುಕೋ. ನಾನು ಕಂಡ ಒಳ್ಳೆಯ ನಾಯಕಿಯರೆಲ್ಲ ಕೈಯಲ್ಲೊಂದು ಪೆನ್ನು ಹಿಡಿದೇ ತಿರುಗುತ್ತಿದ್ದರು.

ಇನ್ನು ಮಂಡಕ್ಕಿ. ಶುಕ್ರವಾರ ಮಧ್ಯಾಹ್ನ ಫಲಿತಾಂಶ ಅಂದೆಯಲ್ಲ, ಶನಿವಾರ ಬೆಳಗಿನ ಶಾಲೆ ಬಿಡುವ ಹೊತ್ತಿಗೆ ಹಂಚೋಣ. ಮೊದಲ ಬೊಗಸೆ ಬಿಸಿಯೂಟ ಮಾಡುವ ಅಮ್ಮಂದಿರಿಗೆ. ಅವರಿಗೆ ನಿಮ್ಮ ಶಾಲೆಯಲ್ಲಿ ವೋಟಿಲ್ಲ, ಅದಕ್ಕೇ ಅವರಿಗೆ ಮೊದಲು. ಆಮೇಲೆ ಅಂಗಳ ಗುಡಿಸುವವರಿಗೆ. ಹೋದ ವರ್ಷ ಚುನಾವಣೆಯ ಮಾರನೇ ದಿನ ನಾನು ನಿಮ್ಮ ಶಾಲೆಯ ಮುಂದೆ ಹಾದು ಹೋದೆ. ಚರಂಡಿಯ ತುಂಬ ನೇರಳೆ, ಕೆಂಪು, ಬಂಗಾರದ ಬಣ್ಣದ ಚಾಕ್ಲೇಟು ಹಾಳೆ. ಮಳೆಗೆ ತೇಲಿ ಬಂದು ಮೋರಿಯ ಬಾಯಿಗೆ ಕಟ್ಟಿಕೊಂಡಿದ್ದವು. ಒಬ್ಬಾಕೆ ಬಗ್ಗಿ ಕೈಯಿಂದಲೇ ಅದನ್ನು ಎಳೆದೆಳೆದು ತೆಗೆಯುತ್ತಿದ್ದಳು. ಗೆದ್ದವರ ಮೆರವಣಿಗೆ ಆಗಲೇ ಮುಗಿದಿತ್ತು. ಮುತ್ತುಗದ ಎಲೆಯಾದರೆ ಗೊಬ್ಬರದ ಗುಂಡಿಗೆ ಹೋಗುತ್ತದೆ. ಅದನ್ನೂ ನೀವಿಬ್ಬರೇ ಎತ್ತಿ ಹಾಕಬೇಕು.

ಸೋತಿದ್ದರೂ ಬರಬೇಕು ನೀನು. ಅವತ್ತು ಕಣ್ಣು ಕೆಂಪಾಗಿದ್ದರೆ ಬೆಳ್ಳುಳ್ಳಿ ಸುಲಿಯಲು ಕೂರಿಸುತ್ತೇನೆ, ಯಾರೂ ಏನೂ ಕೇಳುವುದಿಲ್ಲ. ಗೆದ್ದಿದ್ದರೆ ಆ ಹುಡುಗನನ್ನು ನೀನೇ ಅವನ ಮನೆಗೆ ಹೋಗಿ ಕರೆದುಕೊಂಡು ಬಾ. ಬಾರದೆ ಹಟ ಮಾಡಿದರೆ ಅಜ್ಜಿ ಕರೆದಿದ್ದಾರೆ ಅನ್ನು. ಅವರಪ್ಪನಿಗೂ ನಾನೇ ಪಾಠ ಹೇಳಿದ್ದು.

ನಾಳೆ ಸಂಜೆ ಕ್ಯಾಲೆಂಡರು ಬಿಚ್ಚಿಡುತ್ತೇನೆ, ಸ್ಕೆಚ್ ಪೆನ್ನು ನೀನು ತಾ. ಶನಿವಾರಕ್ಕೆ ದೊಡ್ಡ ಬಾಣಲೆಯನ್ನು ಅಟ್ಟದಿಂದ ಇಳಿಸಬೇಕು. ನನ್ನೊಬ್ಬಳ ಕೈಲಿ ಆಗುವುದಿಲ್ಲ, ಇಬ್ಬರೂ ಬೆಳಿಗ್ಗೆ ಐದಕ್ಕೇ ಬನ್ನಿ.

ನಿನ್ನ,
ಅಜ್ಜಿ